ಪ್ರಾಜೆಕ್ಟ್ ಬರೆದಿದ್ದು ಮೊಬೈಲು, ಮಾರ್ಕ್ಸ್ ಯಾರಿಗೆ ಹಾಕಲಿ?

ಶಿಡ್ಲಘಟ್ಟ ಸೈನ್ಸ್ ಟೀಚರ್

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, 14 ವರ್ಷ ಆಯಿತು. ಒಂದು ವಿಷಯ ತಲೆ ತಿನ್ನುತ್ತಿದೆ. ಸ್ಟಾಫ್ ರೂಮಿನಲ್ಲಿ ಎತ್ತಿದರೆ "ಬಿಡಿ ಮೇಡಂ, ಎಲ್ಲರಿಗೂ ಒಂದೇ ಹಾಕಿ ಸ್ಯಾಟ್ಸ್‌ಗೆ ಎಂಟ್ರಿ ಮಾಡಿ ಮುಗಿಸಿ" ಎನ್ನುತ್ತಾರೆ (ಸ್ಯಾಟ್ಸ್ ಅಂದರೆ ಮಕ್ಕಳ ಅಂಕ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ). ಹಾಗೆ ಮುಗಿಸುವುದಕ್ಕೆ ಮನಸ್ಸು ಬರುತ್ತಿಲ್ಲ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ಒಂಬತ್ತನೇ ಕ್ಲಾಸಿಗೆ ಎಫ್‌ಎ (ವರ್ಷದ ನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ ಅಂತ ರೇಷ್ಮೆ ಹುಳುವಿನ ಜೀವನಚಕ್ರದ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದೆ. ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ವಿಷಯ ಇಲ್ಲ ಅಲ್ವಾ? ನನ್ನ ಕ್ಲಾಸಿನ 46 ಮಕ್ಕಳಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ಹುಳು ಮೇಯಿಸುತ್ತಾರೆ, ಉಳಿದ ಮನೆಗಳಲ್ಲೂ ಯಾರಾದರೊಬ್ಬರು ನೂಲು ತೆಗೆಯುವ ರೀಲಿಂಗ್‌ಗೋ ಗೂಡಿನ ಮಾರ್ಕೆಟ್‌ಗೋ ಹೋಗುವವರು ಇದ್ದೇ ಇರುತ್ತಾರೆ. ಬಂದ ಪ್ರಾಜೆಕ್ಟ್‌ಗಳಲ್ಲಿ 30ಕ್ಕೂ ಜಾಸ್ತಿ "ರೇಷ್ಮೆ ಕೃಷಿಯು ನಮ್ಮ ದೇಶದ ಆರ್ಥಿಕತೆಯಲ್ಲಿ ಮಹತ್ವದ ಪಾತ್ರ ವಹಿಸುತ್ತದೆ" ಅಂತಲೇ ಶುರು. ಕೈಬರಹ ಬೇರೆ ಬೇರೆ, ಮಾತು ಒಂದೇ, ಮೊಬೈಲಿನ ಎಐ ಬರೆದುಕೊಟ್ಟಿದ್ದು. ಒಬ್ಬ ಹುಡುಗ ಕೊನೆಯ ಪುಟದಲ್ಲಿ "ನಿಮಗೆ ಇನ್ನಷ್ಟು ಮಾಹಿತಿ ಬೇಕಿದ್ದರೆ ತಿಳಿಸಿ" ಎಂಬ ಸಾಲನ್ನೂ ನೀಲಿ ಪೆನ್ನಿನಲ್ಲಿ ಅಂದವಾಗಿ ಬರೆದು ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದ.

ಅದಾದರೂ ಹೋಗಲಿ. ನನಗೆ ಸಂಕಟ ಆಗಿದ್ದು ಇನ್ನೊಬ್ಬ ಹುಡುಗಿಯದ್ದು ನೋಡಿ. ಬೆಳಿಗ್ಗೆ ಐದಕ್ಕೆ ಎದ್ದು ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಆಮೇಲೆ ಸ್ಕೂಲಿಗೆ ಬರುವವಳು ಅವಳು. ಅವಳ ಪ್ರಾಜೆಕ್ಟೂ ಅದೇ ಅಚ್ಚು. "ಜ್ವರದ ವಿಷಯ ಒಂದು ಸಾಲೂ ಇಲ್ಲವಲ್ಲಮ್ಮ?" ಅಂದೆ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ, ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಬರುತ್ತದೆ. ಅವಳು "ಅದು ಮನೇಲಿ ಆಡೋ ಮಾತು ಮಿಸ್, ಪ್ರಾಜೆಕ್ಟಲ್ಲಿ ಬರೀಬಾರದು ಅಂದ್ಕೊಂಡೆ" ಅಂದಳು.

ಸರಿ, ಬಾಯಲ್ಲೇ ಹೇಳು ಅಂದೆ. ಹತ್ತು ನಿಮಿಷ ನಿಲ್ಲಿಸದೆ ಹೇಳಿದಳು. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಆಗ ಸೊಪ್ಪು ಹಾಕಬಾರದು, ಹಾಸಿಗೆ ಒಣಗಲಿ ಅಂತ ಸುಣ್ಣದ ಪುಡಿ ಉದುರಿಸಬೇಕು. ಎಲ್ಲ ಹುಳು ಎದ್ದ ಮೇಲೇ ಸೊಪ್ಪು. ಅರ್ಧ ಎದ್ದಾಗಲೇ ಹಾಕಿದರೆ ಮೊದಲು ಎದ್ದವು ತಿಂದು ದಪ್ಪ ಆಗುತ್ತವೆ, ಉಳಿದವು ಹಿಂದೆ ಬೀಳುತ್ತವೆ, ಕೊನೆಗೆ ಹಣ್ಣಾಗುವಾಗ, ಅಂದರೆ ಗೂಡು ಕಟ್ಟಲು ಸಿದ್ಧ ಆಗುವಾಗ, ಒಟ್ಟಿಗೆ ಆಗುವುದಿಲ್ಲ, ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಡುವುದಕ್ಕೆ ಮೂರು ದಿನ ಹೆಣಗಾಡಬೇಕು. ನಾಲ್ಕನೇ ಜ್ವರ ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು ಅಂತ ಕೈ ಅಗಲಿಸಿ ತೋರಿಸಿದಳು. ಇದು ಅಪ್ಪಟ ವಿಜ್ಞಾನ. ಅವಳ 12 ಪುಟದ ಪ್ರಾಜೆಕ್ಟಿನಲ್ಲಿ ಇದರ ಒಂದು ಹನಿಯೂ ಇಲ್ಲ.

ಈಗ ನಾನು ಯಾವುದಕ್ಕೆ ಮಾರ್ಕ್ಸ್ ಹಾಕಬೇಕು? ಅವಳು ಕೊಟ್ಟ ಪುಸ್ತಕಕ್ಕೋ, ಆಡಿದ ಮಾತಿಗೋ? ಎಲ್ಲರಿಗೂ ಹೀಗೆ ಹತ್ತು ನಿಮಿಷ ಕೊಡುವಷ್ಟು ಪೀರಿಯಡ್ ನನ್ನ ಹತ್ತಿರ ಇಲ್ಲ. ಮೊಬೈಲ್ ಮುಟ್ಟಬೇಡಿ ಅಂತ ಹೇಳಿ ಅನ್ನಬೇಡಿ ದಯವಿಟ್ಟು. ಮನೆಯಲ್ಲಿ ಯಾರು ಕಾಯುತ್ತಾರೆ? ವಾಟ್ಸಾಪ್ ತೆಗೆದರೆ ಅದರಲ್ಲೇ ಮೆಟಾ ಎಐಯ ನೀಲಿ ವೃತ್ತ ಕೂತಿದೆ, ಗೂಗಲ್‌ನ ಜೆಮಿನಿ 2024ರಿಂದ ಕನ್ನಡದಲ್ಲೇ ಬರೆದುಕೊಡುತ್ತದೆ. ಬೇರೆ ಶಾಲೆಗಳಲ್ಲಿ ನಿಜವಾಗಿ ಏನು ಮಾಡುತ್ತಿದ್ದೀರಿ?

---

ಕೋಲಾರದ ಲೆಕ್ಕದ ಮೇಷ್ಟ್ರು

ಮೇಡಂ, ಮನೆಯಲ್ಲಿ ಬರೆದು ತಂದಿದ್ದಕ್ಕೆ ಮಾರ್ಕ್ಸ್ ಹಾಕುವ ಕಾಲ ಮುಗಿಯಿತು. ನಾನು ಹೋದ ವರ್ಷದಿಂದ ಬಿಟ್ಟಿದ್ದೇನೆ. ಮನೆಗೆಲಸ ಕೊಡುತ್ತೇನೆ, ನೋಡುತ್ತೇನೆ, ತಪ್ಪು ತೋರಿಸುತ್ತೇನೆ, ಆದರೆ ಅಂಕ ಇರುವುದು ಕ್ಲಾಸಿನಲ್ಲಿ ನನ್ನ ಕಣ್ಣೆದುರು ಮಾಡಿದ್ದಕ್ಕೆ ಮಾತ್ರ.

ಒಂದು ಉದಾಹರಣೆ ಹೇಳುತ್ತೇನೆ. ಸಂಖ್ಯಾಶಾಸ್ತ್ರ ಪಾಠಕ್ಕೆ ಮಕ್ಕಳಿಗೆ ಏಳು ದಿನದ ಟೊಮೆಟೊ ರೇಟು ತರಲು ಹೇಳಿದೆ. ಕೋಲಾರ ಎಪಿಎಂಸಿಗೆ ಮಾಲು ಹಾಕುವ ಮನೆಗಳು ಬೇಕಾದಷ್ಟಿವೆ, ಅಪ್ಪನ ಜೇಬಿನಲ್ಲಿ ಚೀಟಿ ಇರುತ್ತದೆ. ಒಬ್ಬ ತಂದಿದ್ದು 15 ಕೆಜಿ ಬಾಕ್ಸಿಗೆ 200, 220, 240, 250, 260, 280, 300. ಸರಾಸರಿ 250, ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) 250. ಇಷ್ಟನ್ನು ಮನೆಯಲ್ಲಿ ಫೋನ್ ಮಾಡಿಕೊಡಲಿ, ನನ್ನದೇನೂ ತಕರಾರಿಲ್ಲ. ಕ್ಲಾಸಿನಲ್ಲಿ ಅವನ ಪಕ್ಕ ಕೂತು 300ನ್ನು ಹೊಡೆದು ಹಾಕಿ 900 ಬರೆದೆ. "ಆ ದಿನ ಮಾಲು ಕಮ್ಮಿ ಬಂತು, ರೇಟು ಏರಿತು. ಈಗ ಸರಾಸರಿ ಏನಾಗುತ್ತೆ? ಮಧ್ಯಾಂಕ ಏನಾಗುತ್ತೆ? ಲೆಕ್ಕ ಮಾಡದೆ ಹೇಳು." ಪಾಠ ಅರ್ಥವಾದವನು ತಕ್ಷಣ ಮಧ್ಯಾಂಕ ಅಲ್ಲೇ ಇರುತ್ತೆ ಸರ್, ಸರಾಸರಿ ಮೇಲೆ ಹೋಗುತ್ತೆ ಎನ್ನುತ್ತಾನೆ. ಮಾಡಿ ನೋಡಿದರೆ ಸರಾಸರಿ ಸುಮಾರು 336. ಆಮೇಲೆ ಇನ್ನೊಂದು ಪ್ರಶ್ನೆ: "ನಿಮ್ಮಪ್ಪ ಈ ವಾರ ಹೇಗಿತ್ತು ಅಂತ ಪಕ್ಕದ ಮನೆಯವರಿಗೆ ಹೇಳಬೇಕಾದರೆ ಯಾವ ಸಂಖ್ಯೆ ಹೇಳಿದರೆ ಸರಿ?" ಇದಕ್ಕೆ ಅವನು ಕೊಡುವ ಉತ್ತರದಲ್ಲಿ ಪಾಠ ಇಡೀ ಇದೆ.

ಟೈಮಿನ ವಿಷಯ. ನನ್ನಲ್ಲಿ 52 ಮಕ್ಕಳು. ತಲಾ ಎರಡೇ ನಿಮಿಷ. ದಿನಕ್ಕೆ ಐದು ಮಕ್ಕಳು, ಹತ್ತು ನಿಮಿಷ, ಆಗ ಉಳಿದವರು ಬೋರ್ಡ್ ಮೇಲಿನ ಲೆಕ್ಕ ಮಾಡುತ್ತಿರುತ್ತಾರೆ. ಹನ್ನೊಂದು ದಿನಕ್ಕೆ ಎಲ್ಲರದ್ದೂ ಮುಗಿಯುತ್ತದೆ. ಹತ್ತು ನಿಮಿಷ ಬೇಕಿಲ್ಲ ಮೇಡಂ, ಸರಿಯಾದ ಎರಡು ಪ್ರಶ್ನೆ ಸಾಕು. ಕಷ್ಟ ಇರುವುದು ಆ ಎರಡು ಪ್ರಶ್ನೆ ಹುಡುಕುವುದರಲ್ಲಿ. ಅದಕ್ಕೆ ನಾನು ಹಿಂದಿನ ರಾತ್ರಿ ಕೂರುತ್ತೇನೆ.

ಇನ್ನೊಂದು ಮಾತು. ಎಸ್‌ಎಸ್‌ಎಲ್‌ಸಿಯಲ್ಲಿ ನನ್ನ ವಿಷಯಕ್ಕೆ 80 ಅಂಕ ಪರೀಕ್ಷಾ ಹಾಲ್‌ನಲ್ಲಿ, 20 ಇಂಟರ್ನಲ್ ಅಂಕ ನಮ್ಮ ಕೈಯಲ್ಲಿ. 2024ರಲ್ಲಿ ಹಾಲ್‌ಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದಲ್ಲಿ ನೇರವಾಗಿ ನೋಡುವುದು) ಬಂತು, ಆ ವರ್ಷ ಗ್ರೇಸ್ ಮಾರ್ಕ್ಸ್ ಜಾಸ್ತಿ ಕೊಟ್ಟರೂ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು. ಹಾಲ್ ಬಿಗಿಯಾಯಿತು, ಆದರೆ ಈ 20 ಅಂಕದ ಕಡೆ ಯಾರೂ ತಿರುಗಿ ನೋಡಲಿಲ್ಲ. ಇಂಟರ್ನಲ್‌ನಲ್ಲಿ 20ಕ್ಕೆ 20 ತೆಗೆದುಕೊಂಡ ಮಗು ಹಾಲ್‌ನಲ್ಲಿ 80ಕ್ಕೆ 18 ತೆಗೆದರೆ ಆ 20 ಅಂಕ ಹಾಕಿದ ನಾವು ಆ ಮಗುವಿಗೆ ವರ್ಷವಿಡೀ ಸುಳ್ಳು ಹೇಳಿದ ಹಾಗೆ. ಎಲ್ಲಿ ಸೋಲುತ್ತಿದ್ದಾನೆ ಅಂತ ಅವನಿಗೆ ಜೂನ್‌ನಲ್ಲೇ ಗೊತ್ತಾಗಬೇಕಿತ್ತು.

---

ಗೌರಿಬಿದನೂರು ಅಪ್ಪ

ನಾನು ಮೇಷ್ಟ್ರಲ್ಲ, ತಂದೆ. ಒಂದು ಕಡೆ ಆಗಿದ್ದನ್ನು ಹೇಳುತ್ತೇನೆ, ಟೀಚರ್‌ಗಳು ದಯವಿಟ್ಟು ಓದಿ.

ಮಗ ಎಂಟನೇ ಕ್ಲಾಸು, ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆ. ಹೆಸರು ಬೇಡ. ಓದುವ ಹುಚ್ಚು ಇರುವ ಹುಡುಗ, ಲೈಬ್ರರಿಯಿಂದ ವಾರಕ್ಕೆ ಎರಡು ಕಥೆ ಪುಸ್ತಕ ತರುತ್ತಾನೆ. ಅವರ ತಾತ ಬಾವಿ ತೋಡಿಸಿದ ಕಥೆಯನ್ನು ಇಂಗ್ಲಿಷಿನಲ್ಲಿ ಪ್ರಬಂಧವಾಗಿ ಬರೆದ. ಮೂರು ಸಂಜೆ ಕೂತು ಬರೆದಿದ್ದನ್ನು ನಾನೇ ನೋಡಿದ್ದೇನೆ. ಶಾಲೆಯಲ್ಲಿ ಅದನ್ನು ಯಾವುದೋ ಸೈಟಿಗೆ ಹಾಕಿ ನೋಡಿದರಂತೆ, ಎಐ ಬರೆದದ್ದು ಅಂತ ತೋರಿಸಿತಂತೆ. ಸೊನ್ನೆ. ಎಲ್ಲರ ಎದುರು ನಿಲ್ಲಿಸಿ "ಕದ್ದು ಬರೆಯೋದಕ್ಕೆ ನಾಚಿಕೆ ಆಗಲ್ವಾ" ಅಂದರಂತೆ.

ಅವನ ರಫ್ ಬುಕ್ಕಿನಲ್ಲಿ ಆ ಪ್ರಬಂಧ ಮೂರು ಸಲ ಇದೆ. ಹೊಡೆದು ಹಾಕಿದ್ದು, ಬಾಣದ ಗುರುತು ಹಾಕಿ ಮೇಲಿನ ಸಾಲು ಕೆಳಗೆ ತಂದಿದ್ದು, "ರಾಟೆ"ಗೆ ಇಂಗ್ಲಿಷಲ್ಲಿ ಏನಂತಾರೆ ಅಂತ ನನ್ನನ್ನು ಕೇಳಿ ಪಕ್ಕದಲ್ಲಿ ಬರೆದುಕೊಂಡಿದ್ದು. ಆ ಪುಸ್ತಕ ತೋರಿಸು ಅಂತ ಒಬ್ಬರೂ ಕೇಳಲಿಲ್ಲ. ನಾನೇ ತೆಗೆದುಕೊಂಡು ಹೋಗಿ ತೋರಿಸಿದ ಮೇಲೆ ಮಾರ್ಕ್ಸ್ ಸರಿ ಮಾಡಿದರು, ಅದು ನಿಜ. ಆದರೆ ಈಗ ಅವನು ಇಂಗ್ಲಿಷಿನಲ್ಲಿ ಏನೇ ಬರೆದರೂ ಬೇಕಂತಲೇ ಚಿಕ್ಕ ಚಿಕ್ಕ ಪದ ಹಾಕುತ್ತಾನೆ. ಒಳ್ಳೆಯ ಪದ ಬಂದರೆ ಅಳಿಸುತ್ತಾನೆ. ಯಾಕೋ ಅಂದರೆ "ಮತ್ತೆ ನಿಲ್ಲಿಸ್ತಾರೆ ಅಪ್ಪ" ಎನ್ನುತ್ತಾನೆ. ನನಗೆ ಆ ಸೊನ್ನೆಗಿಂತ ಇದು ಜಾಸ್ತಿ ನೋವು.

---

ತುಮಕೂರು ಡಿಗ್ರಿ ಕಾಲೇಜು ಲೆಕ್ಚರರ್

ಮೇಲಿನ ತಂದೆಯವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ, ನಾನು ಕಂಪ್ಯೂಟರ್ ಸೈನ್ಸ್ ಪಾಠ ಮಾಡುವವನು.

ಎಐ ಬರಹ ಪತ್ತೆ ಮಾಡುವ ಸೈಟುಗಳನ್ನು ನಂಬಿ ಮಕ್ಕಳಿಗೆ ಶಿಕ್ಷೆ ಕೊಡಬೇಡಿ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ಕ್ಕೆ. ಅದನ್ನು ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಪತ್ತೆ ಮಾಡುವ ಸಾಧನವನ್ನೂ ಬಿಟ್ಟಿತು. ಅವರ ಲೆಕ್ಕದಲ್ಲೇ ಅದು ಹಿಡಿಯುತ್ತಿದ್ದದ್ದು ಯಂತ್ರ ಬರೆದಿದ್ದರಲ್ಲಿ ಶೇ 26ರಷ್ಟನ್ನು ಮಾತ್ರ, ಮನುಷ್ಯರೇ ಬರೆದಿದ್ದರಲ್ಲಿ ಶೇ 9ರಷ್ಟನ್ನು ಯಂತ್ರದ್ದು ಅಂತ ತಪ್ಪಾಗಿ ಹೇಳುತ್ತಿತ್ತು. ಅದೇ ವರ್ಷ ಜುಲೈನಲ್ಲಿ ವಾಪಸ್ ತೆಗೆದರು. ಯಂತ್ರ ಕಟ್ಟಿದವರಿಗೇ ಆಗಲಿಲ್ಲ.

ಯಾಕೆ ತಪ್ಪುತ್ತದೆ ಅಂದರೆ, ಈ ಸಾಧನಗಳು ಹೆಚ್ಚಾಗಿ ನೋಡುವುದು ಒಂದು ಪದದ ಮುಂದೆ ಬರುವ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಅಂತ. ಊಹೆಗೆ ಸುಲಭವಾಗಿ ಸಿಕ್ಕರೆ ಯಂತ್ರ ಬರೆದದ್ದು ಎನ್ನುತ್ತವೆ. ಇಂಗ್ಲಿಷನ್ನು ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳು ಬರೆಯುವುದೇ ಹಾಗೆ ಅಲ್ವಾ, ಗೊತ್ತಿರುವ ನಾಲ್ಕು ಪದ, ಗ್ರಾಮರ್ ಪುಸ್ತಕದ ವಾಕ್ಯ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಇಂಗ್ಲಿಷ್ ತಾಯ್ನುಡಿ ಅಲ್ಲದವರು ಬರೆದ 91 ಟೋಫೆಲ್ (ಇಂಗ್ಲಿಷ್ ಭಾಷಾ ಪರೀಕ್ಷೆ) ಪ್ರಬಂಧಗಳನ್ನು ಇಂಥ ಏಳು ಸಾಧನಗಳಿಗೆ ಹಾಕಿ ನೋಡಿದರು. ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನು ಯಂತ್ರ ಬರೆದದ್ದು ಅಂದವು. ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳ ಪ್ರಬಂಧಗಳಲ್ಲಿ ಅಂಥ ತಪ್ಪು ತೀರಾ ಕಮ್ಮಿ. ಇಲ್ಲಿ ಒಂದು ಮಾತು ತಂದೆಯವರಿಗೆ: ನಿಮ್ಮ ಮಗ ಚಿಕ್ಕ ಪದ ಹಾಕಿದರೆ ಇನ್ನೂ ಸುಲಭವಾಗಿ ಸಿಕ್ಕಿಬೀಳುತ್ತಾನೆ. ಅವನಿಗೆ ಧೈರ್ಯವಾಗಿ ಒಳ್ಳೆಯ ಪದಗಳನ್ನೇ ಬರೆಯಲು ಹೇಳಿ.

ರಫ್ ಬುಕ್ಕಿನ ವಿಷಯ ನೀವು ಹೇಳಿದ್ದು ತುಂಬಾ ದೊಡ್ಡದು. ನಾನು ಈಗ ಪ್ರೋಗ್ರಾಮಿಂಗ್ ಲ್ಯಾಬ್‌ನಲ್ಲಿ ಮುಗಿದ ಕೋಡ್‌ಗೆ ಕಮ್ಮಿ ಅಂಕ, ದಾರಿಗೆ ಜಾಸ್ತಿ ಅಂಕ ಇಟ್ಟಿದ್ದೇನೆ. ಮೊದಲು ಏನು ಯೋಚಿಸಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿ ಮಾಡಿದೆ. ಎಐ ಬಳಸಿದ್ದರೆ ಬಳಸಿದೆ ಅಂತ ಬರೆಯಬೇಕು, ಏನು ಕೇಳಿದೆ ಅಂತಲೂ ಬರೆಯಬೇಕು. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್) ಬೋರ್ಡಿನವರೂ 2023ರಲ್ಲೇ ನಿಷೇಧ ಮಾಡುವುದಿಲ್ಲ, ಬೇರೆಯವರ ಮಾತನ್ನು ಉದ್ಧರಿಸುವ ಹಾಗೆ ಇದನ್ನೂ ಹೇಳಿಕೊಂಡು ಬಳಸಿ ಎಂದರು. ಆಮೇಲೆ ನಾನು ಅವರ ಕೋಡ್‌ನಲ್ಲಿ ಒಂದು ಸಾಲು ಅಳಿಸಿ "ಈಗ ಏನಾಗುತ್ತೆ?" ಅಂತ ಕೇಳುತ್ತೇನೆ. ಕೋಲಾರದ ಮೇಷ್ಟ್ರು 300 ಹೊಡೆದು 900 ಮಾಡಿದ ಹಾಗೇ.

---

ತುಮಕೂರು ಸೆಕೆಂಡ್ ಪಿಯು ಹುಡುಗಿ

ಸ್ಟೂಡೆಂಟ್ ಕಡೆಯಿಂದ ಒಂದು ಮಾತು ಹೇಳಬಹುದಾ?

ನಾವು ಎಐಯಿಂದ ಬರೆಸುವುದು ಸೋಮಾರಿತನಕ್ಕೆ ಮಾತ್ರ ಅಲ್ಲ. ಹೈಸ್ಕೂಲಿನಲ್ಲಿ ನಮ್ಮ ಪ್ರಾಜೆಕ್ಟ್‌ಗಳನ್ನು ಯಾರೂ ಓದುತ್ತಲೇ ಇರಲಿಲ್ಲ. ಕವರ್ ಪೇಜ್ ಚೆನ್ನಾಗಿದ್ದರೆ, ಬಣ್ಣದ ಚಿತ್ರ ಅಂಟಿಸಿದ್ದರೆ, ಸ್ಪೈರಲ್ ಬೈಂಡಿಂಗ್ ಇದ್ದರೆ ಫುಲ್ ಮಾರ್ಕ್ಸ್. ನಮ್ಮ ಅಕ್ಕನ ಕಾಲದಲ್ಲಿ ಸೈಬರ್ ಸೆಂಟರ್‌ನಲ್ಲಿ ರೆಡಿ ಪ್ರಾಜೆಕ್ಟ್ ಪ್ರಿಂಟ್ ತೆಗೆಸುತ್ತಿದ್ದರು. ಅದೇ ಕೆಲಸ ಈಗ ಫೋನ್ ಮಾಡುತ್ತದೆ. ಓದುವವರು ಇಲ್ಲ ಅಂತ ಗೊತ್ತಿದ್ದರೆ ಬರೆಯುವುದು ಯಾರಿಗೋಸ್ಕರ?

ಹತ್ತನೇ ಕ್ಲಾಸಿನಲ್ಲಿ ಒಬ್ಬ ಸಮಾಜ ಸರ್ ಮಾತ್ರ ಬೇರೆ ಥರ ಮಾಡಿದರು. ನಮ್ಮ ಜಿಲ್ಲೆಯ ನದಿಗಳ ಬಗ್ಗೆ ಎಐ ಕೊಟ್ಟ ಒಂದು ಪುಟದ ಉತ್ತರವನ್ನು ಅವರೇ ಪ್ರಿಂಟ್ ತೆಗೆದು ಹಂಚಿದರು. "ಇದರಲ್ಲಿ ತಪ್ಪು ಇದೆ. ಹುಡುಕಿ. ಹುಡುಕಿದ್ದಕ್ಕೆ ಮಾರ್ಕ್ಸ್, ತಪ್ಪು ಅಂತ ಹೇಗೆ ಗೊತ್ತಾಯಿತು ಅಂತ ಬರೆದರೆ ಇನ್ನೂ ಜಾಸ್ತಿ" ಅಂದರು. ಓದಿದರೆ ಎಲ್ಲ ಸರಿಯಾಗಿಯೇ ಕಾಣಿಸುತ್ತಿತ್ತು. ಅಷ್ಟು ನೀಟಾಗಿತ್ತು. ಮ್ಯಾಪ್ ಹಾಸಿಕೊಂಡು ನಾಲ್ಕು ಜನ ಬೆರಳಿಟ್ಟು ಹೋದೆವು. ಶಿಂಷಾ ಮತ್ತು ಜಯಮಂಗಲಿ ಎರಡೂ ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುತ್ತವೆ, ಎರಡೂ ಕಾವೇರಿ ಸೇರುತ್ತವೆ ಅಂತ ಅದರಲ್ಲಿ ಇತ್ತು. ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುವುದು ನಿಜ. ಜಯಮಂಗಲಿ ಮೇಲೆ ನಮ್ಮ ಬೆರಳು ಕೊರಟಗೆರೆ, ಮಧುಗಿರಿ ಕಡೆ ಉತ್ತರಕ್ಕೆ ಹೋಯಿತು, ಉತ್ತರ ಪಿನಾಕಿನಿ ಹತ್ತಿರ ಹೋಗಿ ನಿಂತಿತು. ಒಂದೇ ಬೆಟ್ಟದ ಮಳೆ ನೀರು ಎರಡು ಕಡೆ ಹೋಗುತ್ತದೆ ಅಂತ ಅವತ್ತು ಗೊತ್ತಾಗಿದ್ದು. ದೇವರಾಯನದುರ್ಗಕ್ಕೆ ಎಷ್ಟೋ ಸಲ ಪಿಕ್ನಿಕ್ ಹೋಗಿದ್ದೆ, ಗೊತ್ತೇ ಇರಲಿಲ್ಲ.

ಆ ಪಾಠ ಎಕ್ಸಾಂಗೆ ಮತ್ತೆ ಓದಲೇ ಇಲ್ಲ ನಾನು, ಎಲ್ಲ ನೆನಪಿತ್ತು. ಈಗಲೂ ಎಐ ಬಳಸುತ್ತೇನೆ. ಪಾಠ ಓದಿ ಮುಗಿಸಿ "ನನಗೆ ಪ್ರಶ್ನೆ ಕೇಳು, ಉತ್ತರ ಹೇಳಬೇಡ" ಅಂತ ಹೇಳುತ್ತೇನೆ. ಚೆನ್ನಾಗಿ ಕೇಳುತ್ತದೆ.

---

ಬಾಗೇಪಲ್ಲಿ ಭಾಷಾ ಶಿಕ್ಷಕಿ

ಎಲ್ಲರೂ ಬಾಯಿಮಾತಿನ ಪರೀಕ್ಷೆ ಅಂತ ಹೊರಟಿದ್ದೀರಿ. ಸ್ವಲ್ಪ ನಿಲ್ಲಿ.

ನನ್ನ ಕ್ಲಾಸಿನಲ್ಲಿ ಮುಕ್ಕಾಲು ಪಾಲು ಮಕ್ಕಳ ಮನೆ ಮಾತು ತೆಲುಗು. ಕನ್ನಡದಲ್ಲಿ ಚೆನ್ನಾಗಿ ಬರೆಯುತ್ತಾರೆ, ಆದರೆ ಎದುರು ನಿಂತು ಮಾತಾಡು ಅಂದರೆ ಒಂದೊಂದು ಪದಕ್ಕೂ ತಡವರಿಸುತ್ತಾರೆ, ತಪ್ಪಾದರೆ ಬೇರೆಯವರು ನಗುತ್ತಾರೆ ಅನ್ನುವ ಭಯ. ಉಗ್ಗುವ ಹುಡುಗ ಒಬ್ಬನಿದ್ದಾನೆ. ಅವನಿಗೆ ಎರಡು ನಿಮಿಷ ಕೊಟ್ಟರೆ ಅರ್ಧ ನಿಮಿಷ ಮೊದಲ ಅಕ್ಷರಕ್ಕೇ ಹೋಗುತ್ತದೆ. ಇನ್ನು ಹೆಣ್ಣುಮಕ್ಕಳು, ಮನೆಯಲ್ಲಿ ಜೋರಾಗಿ ಮಾತಾಡಬೇಡ ಅಂತಲೇ ಬೆಳೆದವರು. ಹೀಗಿರುವಾಗ ಬಾಯಿ ಇದ್ದವನಿಗೆ ಮಾರ್ಕ್ಸ್ ಅಂತ ಆದರೆ ಫೋನ್ ಮಾಡಿದ ಅನ್ಯಾಯಕ್ಕಿಂತ ನಾವು ಮಾಡಿದ ಅನ್ಯಾಯ ದೊಡ್ಡದಾಗುತ್ತದೆ.

ಬೇಡ ಅನ್ನುತ್ತಿಲ್ಲ. ಎಚ್ಚರ ಇರಲಿ ಅನ್ನುತ್ತಿದ್ದೇನೆ. ನಾನು ಮಾಡುವುದು ಹೀಗೆ. ಪ್ರಶ್ನೆ ಕೇಳಿದ ಮೇಲೆ ಮಗು ಹೇಗೆ ಬೇಕಾದರೂ ಉತ್ತರ ಕೊಡಬಹುದು. ತೆಲುಗಲ್ಲಿ ಹೇಳಿದರೂ ಸರಿ, ನನಗೆ ಬರುತ್ತದೆ. ಸ್ಲೇಟಿನ ಮೇಲೆ ಚಿತ್ರ ಬರೆದು ತೋರಿಸಿದರೂ ಸರಿ. ಅಲ್ಲೇ ಕೂತು ಐದು ಸಾಲು ಬರೆದುಕೊಟ್ಟರೂ ಸರಿ. ಆ ಉಗ್ಗುವ ಹುಡುಗನಿಗೆ ಪದ್ಯದ ಒಂದು ಸಾಲು ಕೊಟ್ಟು ಇದರ ಅರ್ಥ ನಿಮ್ಮನೆಯಲ್ಲಿ ಎಲ್ಲಿ ಕಂಡಿದ್ದೀಯ ಬರಿ ಅಂದೆ. ಬಡತನದ ಮೇಲಿನ ಸಾಲು ಅದು. ಅವನು ಬರೆದಿದ್ದು, ಅಮ್ಮ ಹಬ್ಬದ ದಿನ ಎಲ್ಲರಿಗೂ ಬಡಿಸಿ ಆಮೇಲೆ ನನಗೆ ಹಸಿವಿಲ್ಲ ಅಂದಳು ಅಂತ. ಮೂರೇ ಸಾಲು. ಯಾವ ಫೋನೂ ಅದನ್ನು ಬರೆಯಲಾರದು, ಯಾಕೆಂದರೆ ಆ ಮನೆಯಲ್ಲಿ ಇದ್ದವನು ಅವನೊಬ್ಬನೇ.

---

ಮುಳಬಾಗಿಲಿನ ನಿವೃತ್ತ ಮೇಷ್ಟ್ರು

ಓದಿ ತುಂಬಾ ಸಂತೋಷ ಆಯಿತು. ನೀವೆಲ್ಲ ಹೇಳುತ್ತಿರುವುದನ್ನು ನಾವು ಪ್ರೈಮರಿಯಲ್ಲಿ ನಲಿ-ಕಲಿ ಅಂತ ಮಾಡಿದೆವು. 1995ರಲ್ಲಿ ಎಚ್.ಡಿ. ಕೋಟೆಯ ಮೇಷ್ಟ್ರುಗಳು ನಮ್ಮ ಗಡಿಯಾಚೆ ಮದನಪಲ್ಲಿ ಹತ್ತಿರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು ಶುರು ಮಾಡಿದ್ದು ಅದು. 2009ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಒಂದು, ಎರಡನೇ ಕ್ಲಾಸಿಗೆ ಬಂದಾಗ ನನಗೂ ತರಬೇತಿ ಆಯಿತು.

ಅದರಲ್ಲಿ ಪರೀಕ್ಷೆ ಅಂತ ಬೇರೆ ದಿನ ಇರಲಿಲ್ಲ. ಗೋಡೆಯ ಮೇಲೆ ಕಲಿಕಾ ಏಣಿ, ಕೈಯಲ್ಲಿ ಕಾರ್ಡು. ಮಗು ಒಂದು ಕಾರ್ಡು ಮುಗಿಸಿ ಬಂದು ತೋರಿಸಬೇಕು, ನಾವು ಅಲ್ಲೇ ನೋಡಬೇಕು, ಬಂದರೆ ಮುಂದಿನ ಮೆಟ್ಟಿಲು, ಬಾರದಿದ್ದರೆ ಅದೇ ಮೆಟ್ಟಿಲಿಗೆ ಇನ್ನೊಂದು ಕಾರ್ಡು. ಪ್ರಗತಿ ನೋಟದಲ್ಲಿ ಗುರುತು ಹಾಕಿದರೆ ಆಯಿತು. ಯಾವ ಮಗು ಎಲ್ಲಿದೆ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆವು. ಕಷ್ಟಗಳೂ ಇದ್ದವು, ಸುಳ್ಳು ಹೇಳುವುದಿಲ್ಲ. ಮೇಷ್ಟ್ರು ಕಮ್ಮಿ ಇದ್ದ ಕಡೆ ಗುರುತು ಸುಮ್ನೆ ಬೀಳುತ್ತಿತ್ತು. ಹೈಸ್ಕೂಲಿಗೆ ಅದನ್ನೇ ತನ್ನಿ ಅನ್ನುವುದಿಲ್ಲ. ಆದರೆ ಮಗುವಿನ ಪಕ್ಕ ಕೂತು ನೋಡುವುದನ್ನು ಪ್ರೈಮರಿಯಲ್ಲೇ ಯಾಕೆ ನಿಲ್ಲಿಸಬೇಕು ಅಂತ ನನಗೆ ಆಗಲೂ ಅರ್ಥ ಆಗಿರಲಿಲ್ಲ.

---

ಶಿಡ್ಲಘಟ್ಟ ಸೈನ್ಸ್ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಆಯಿತು, ಏನು ಮಾಡಿದೆ ಅಂತ ಹೇಳಬೇಕು.

ಪ್ರಾಜೆಕ್ಟ್ ಪುಸ್ತಕಗಳನ್ನು ವಾಪಸ್ ಕೊಟ್ಟೆ, ಯಾರನ್ನೂ ಬೈಯಲಿಲ್ಲ. ಆ ಹುಡುಗಿಗೆ ಮನೆಯಿಂದ ಒಂದು ತಟ್ಟೆ ಹುಳು ತರುತ್ತೀಯಾ ಅಂದೆ. ಅವರಪ್ಪನೇ ಬೈಕಿನಲ್ಲಿ ತಂದು ಕೊಟ್ಟರು, ಮೂರನೇ ಜ್ವರ ಅರ್ಧ ಎದ್ದಿದ್ದ ಹುಳು. ಆರಾರು ಮಕ್ಕಳ ಗುಂಪು ಮಾಡಿ ಟೇಬಲ್ ಸುತ್ತ ನಿಲ್ಲಿಸಿದೆ. ಎದ್ದ ಹುಳು ಯಾವುದು, ಏಳದ ಹುಳು ಯಾವುದು, ಹೇಗೆ ಗೊತ್ತಾಯಿತು, ಈಗ ಸೊಪ್ಪು ಹಾಕಬೇಕಾ ಬೇಡವಾ, ಯಾಕೆ. ನೋಡಿ, ಜಾಗಕ್ಕೆ ಹೋಗಿ, ಹತ್ತು ಸಾಲು ಬರೆಯಿರಿ ಅಂದೆ. ಬಾಗೇಪಲ್ಲಿ ಮೇಡಂ ಹೇಳಿದ ಹಾಗೆ ಚಿತ್ರ ಬರೆಯುವವರು ಬರೆಯಲಿ ಅಂದೆ. ಏಳು ಮಕ್ಕಳು ಚಿತ್ರವನ್ನೇ ಬರೆದರು. ಒಂದು ಚಿತ್ರದಲ್ಲಿ ಹುಳುವಿನ ಹಿಂದೆ ಬಿಟ್ಟ ಪೊರೆ ಕೂಡ ಇತ್ತು, ಅಷ್ಟು ಚಿಕ್ಕದನ್ನು ನಾನೇ ಗಮನಿಸಿರಲಿಲ್ಲ.

ಮರುದಿನ ತುಮಕೂರಿನ ಹುಡುಗಿ ಹೇಳಿದ್ದನ್ನು ಮಾಡಿದೆ. ಅವರದ್ದೇ ಪ್ರಾಜೆಕ್ಟಿನ ಒಂದು ಪುಟವನ್ನು ಬೋರ್ಡ್ ಮೇಲೆ ಬರೆದು, ಇದರಲ್ಲಿ ಏನಿಲ್ಲ ಅಂತ ಕೇಳಿದೆ. ತಪ್ಪು ಜಾಸ್ತಿ ಇರಲಿಲ್ಲ, ಆದರೆ ಇಲ್ಲದ್ದು ಬಹಳ ಇತ್ತು. ಸುಣ್ಣ ಇಲ್ಲ, ಬೇಸಿಗೆಯಲ್ಲಿ ಮನೆಗೆ ಒದ್ದೆ ಗೋಣಿ ಕಟ್ಟುವುದು ಇಲ್ಲ, ಹಣ್ಣಾದ ಹುಳುವಿನ ಮೈ ಬೆಳಕಿಗೆ ಹಿಡಿದರೆ ಹೊಳೆಯುವುದು ಇಲ್ಲ. "ನಿಮಗೆ ಇನ್ನಷ್ಟು ಮಾಹಿತಿ ಬೇಕಿದ್ದರೆ ತಿಳಿಸಿ" ಅಂತ ಬರೆದಿದ್ದ ಹುಡುಗ ಕೈ ಎತ್ತಿ, "ಮಿಸ್, ಹುಳು ಸೊಪ್ಪು ತಿನ್ನೋ ಸದ್ದು ಮಳೆ ಬಂದ ಹಾಗಿರುತ್ತೆ, ಅದಿಲ್ಲ" ಅಂದ. ಅವರ ಮನೆಯಲ್ಲೂ ಹುಳು ಇದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಅಂಕ ಹಾಕಿದ್ದು ಆ ಹತ್ತು ಸಾಲಿಗೆ ಮತ್ತು ಈ ಮಾತಿಗೆ. ಯಾವಾಗಲೂ ಪ್ರಾಜೆಕ್ಟಿಗೆ ಫುಲ್ ತೆಗೆಯುತ್ತಿದ್ದ ಇಬ್ಬರಿಗೆ ಕಮ್ಮಿ ಬಂತು, ಒಬ್ಬರ ತಾಯಿ ಬಂದು ಕೇಳಿದರು. ಮಗನ ಹಾಳೆ ಮತ್ತು ಇನ್ನೊಂದು ಮಗುವಿನ ಹಾಳೆ ಎರಡನ್ನೂ ಹೆಸರು ಮುಚ್ಚಿ ತೋರಿಸಿದೆ. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು, "ಮುಂದಿನ ಸಲ ಅವನನ್ನೂ ಹುಳುವಿನ ಮನೆಗೆ ಕಳಿಸ್ತೀನಿ" ಅಂತ ಹೇಳಿ ಹೋದರು. ಎಚ್‌ಎಂ ಫೈಲ್ ಎಲ್ಲಿ ಅಂದರು. ಆ 46 ಹಾಳೆಗಳಿಗೆ ಟ್ಯಾಗ್ ಹಾಕಿ ಕೊಟ್ಟೆ.

ಆದರೆ ಕೆಲಸ ಜಾಸ್ತಿ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಎರಡು ಭಾನುವಾರ ಹೋಯಿತು. ಎಲ್ಲ ಎಫ್‌ಎಗೂ ಹೀಗೆ ಆಗುವುದಿಲ್ಲ, ವರ್ಷಕ್ಕೆ ಎರಡು ಸಲವಾದರೂ ಮಾಡುತ್ತೇನೆ. ಮುಂದಿನದು ಶಬ್ದದ ಪಾಠ. ಹುಳು ಸಿಕ್ಕ ಹಾಗೆ ಅದಕ್ಕೆ ಕೈಗೆ ಸಿಗುವಂಥದ್ದು ಏನಾದರೂ ಹೇಳಿ.

---

ಕೋಲಾರದ ಲೆಕ್ಕದ ಮೇಷ್ಟ್ರು

ತಮಟೆ ತರಿಸಿ ಮೇಡಂ. ತಣ್ಣಗಿರುವಾಗ ಒಂದು ಸಲ ಬಾರಿಸಲಿ, ಆಮೇಲೆ ಬೆಂಕಿಗೆ ಹಿಡಿದು ಕಾಯಿಸಿ ಇನ್ನೊಂದು ಸಲ ಬಾರಿಸಲಿ. ಸದ್ದು ಯಾಕೆ ಬದಲಾಯಿತು ಅಂತ ಅಲ್ಲೇ ಕೂತು ಬರೆಯಲಿ. ಬಾರಿಸಲು ಬರುವ ಮಗು ನಿಮ್ಮ ಕ್ಲಾಸಿನಲ್ಲಿ ಖಂಡಿತ ಒಂದು ಇರುತ್ತದೆ, ಅದು ಯಾವುದು ಅಂತ ಮೊದಲು ಕೇಳಿ ನೋಡಿ.